ಆಸ್ಪತ್ರೆ ಬಿಲ್‌ನಲ್ಲಿ ಎಲ್ಲವೂ ಎಂಆರ್‌ಪಿ ಪ್ರಕಾರವೇ ಇದೆ, ಕಾನೂನು ಮುರಿದಿಲ್ಲ. ಹಾಗಾದರೆ ಇದು ಸರಿಯಾ?

ಹೇಮಾವತಿ_ದಂಡೆ ಕೇಳಿದ ಪ್ರಶ್ನೆ

ಅಪ್ಪನಿಗೆ ನ್ಯುಮೋನಿಯಾ ಆಗಿತ್ತು. ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಸೇರಿಸಿದ್ದೆವು, ಸ್ವಲ್ಪ ದಿನ ಐಸಿಯುನಲ್ಲೂ ಇದ್ದರು. ಈಗ ಮನೆಗೆ ಬಂದಿದ್ದಾರೆ, ಆರಾಮಾಗಿದ್ದಾರೆ. ಡಾಕ್ಟರು, ನರ್ಸುಗಳು ಚೆನ್ನಾಗಿ ನೋಡಿಕೊಂಡರು, ಅವರ ಮೇಲೆ ನನ್ನ ದೂರು ಏನೂ ಇಲ್ಲ. ಪ್ರಶ್ನೆ ಇರುವುದು ಬಿಲ್ ಬಗ್ಗೆ.

ಬಿಲ್‌ನ ಮೊದಲ ಪುಟದಲ್ಲಿ ರೂಮ್ ಬಾಡಿಗೆ, ಡಾಕ್ಟರ್ ಫೀಸು, ಲ್ಯಾಬ್ ಎಲ್ಲ ಬೇರೆ ಬೇರೆಯಾಗಿ ಇತ್ತು. ಸೇರಿಸುವಾಗಲೇ ಅದನ್ನೆಲ್ಲ ಹೇಳಿದ್ದರು. ಆದರೆ ದೊಡ್ಡ ಮೊತ್ತ ಕೂತಿದ್ದು "ಫಾರ್ಮಸಿ ಮತ್ತು ಕನ್ಸ್ಯೂಮಬಲ್ಸ್" (ಔಷಧ ಮತ್ತು ಬಳಸಿ ಬಿಸಾಡುವ ಸಾಮಾನು) ಅಂತ ಬರೆದ ಒಂದೇ ಸಾಲಿನಲ್ಲಿ. ವಿವರ ಕೇಳಿದ ಮೇಲೆ ಒಂದು ಕಂತೆ ಕಾಗದ ಕೊಟ್ಟರು. ಸಿರಿಂಜು, ಗ್ಲೌಸು, ಡ್ರಿಪ್ ಹಾಕುವ ಐವಿ ಸೆಟ್, ರಕ್ತನಾಳಕ್ಕೆ ಚುಚ್ಚಿಡುವ ಕ್ಯಾನುಲಾ, ಆಂಟಿಬಯಾಟಿಕ್ ಇಂಜೆಕ್ಷನ್, ಇನ್ನೂ ಹೆಸರೇ ಗೊತ್ತಿಲ್ಲದ ಎಷ್ಟೋ ಸಾಮಾನು. ನಮ್ಮ ನೆಂಟರೊಬ್ಬರು ಸರ್ಜಿಕಲ್ ಸಾಮಾನಿನ ಹೋಲ್‌ಸೇಲ್ ವ್ಯಾಪಾರ ಮಾಡುತ್ತಾರೆ. ಅವರಿಗೆ ಪಟ್ಟಿ ತೋರಿಸಿದೆ. ನೂರು ರೂಪಾಯಿ ದಾಟಿದ ಐವಿ ಸೆಟ್ಟು ಆಸ್ಪತ್ರೆಗೆ ಹತ್ತಿಪ್ಪತ್ತು ರೂಪಾಯಿ ಒಳಗೇ ಸಿಗುತ್ತದೆ ಅಂದರು. ಇಂಜೆಕ್ಷನ್ ಕಥೆಯೂ ಹೆಚ್ಚುಕಮ್ಮಿ ಹಾಗೇ.

ವಾಪಸ್ ಹೋಗಿ ಬಿಲ್ಲಿಂಗ್‌ನಲ್ಲಿ ಕೇಳಿದೆ. ಅವರು ಪಾಪ ಜಗಳ ಏನೂ ಆಡಲಿಲ್ಲ. ಪ್ಯಾಕೆಟ್ ತಂದು ತೋರಿಸಿದರು, "ನೋಡಿ ಸರ್, ಎಂಆರ್‌ಪಿ ಎಷ್ಟಿದೆಯೋ ಅಷ್ಟೇ ಹಾಕಿದ್ದೇವೆ, ಒಂದು ರೂಪಾಯಿ ಜಾಸ್ತಿ ಇಲ್ಲ" ಅಂದರು. ನಿಜ, ಜಾಸ್ತಿ ಇರಲಿಲ್ಲ.

ಈಗ ನನಗೆ ಅರ್ಥ ಆಗಬೇಕಾಗಿರುವುದು ಇಷ್ಟು. ಹತ್ತು ರೂಪಾಯಿಗೆ ಕೊಡುವ ವಸ್ತುವಿನ ಮೇಲೆ ನೂರಕ್ಕೂ ಜಾಸ್ತಿ ಅಂತ ಅಚ್ಚು ಹಾಕುವವರು ಯಾರು, ಯಾಕೆ ಹಾಕುತ್ತಾರೆ? ಸರ್ಕಾರ ಔಷಧದ ಬೆಲೆ ನಿಯಂತ್ರಣ ಮಾಡುತ್ತದೆ ಅಂತ ಕೇಳುತ್ತೇವಲ್ಲ, ಅದು ಇಲ್ಲಿ ಯಾಕೆ ಕೆಲಸ ಮಾಡುತ್ತಿಲ್ಲ? "ಅಷ್ಟು ಕಷ್ಟ ಆದರೆ ಕಡಿಮೆ ಆಸ್ಪತ್ರೆಗೆ ಹೋಗಬೇಕಿತ್ತು" ಅಂತ ದಯವಿಟ್ಟು ಬರೆಯಬೇಡಿ. ಉಸಿರಾಡಲು ಆಗದೆ ಒದ್ದಾಡುವ ಮನುಷ್ಯನನ್ನು ಕೂರಿಸಿಕೊಂಡು ಯಾರೂ ನಾಲ್ಕು ಕಡೆ ರೇಟು ವಿಚಾರಿಸುವುದಿಲ್ಲ.

ಔಷಧದಂಗಡಿ_ಕಡೂರು

ಮೆಡಿಕಲ್ ಶಾಪ್ ನಡೆಸುತ್ತೇನೆ, ಬೆಲೆ ಹೇಗೆ ಕಟ್ಟುತ್ತಾರೆ ಅನ್ನುವುದನ್ನು ಹೇಳಬಲ್ಲೆ.

ಎಂಆರ್‌ಪಿ ಅಚ್ಚು ಹಾಕುವುದು ಕಂಪನಿ. ಸರ್ಕಾರದ ಕೈ ಇರುವುದು ಅದರಲ್ಲಿ ಒಂದು ಭಾಗದ ಮೇಲೆ ಮಾತ್ರ. 2013ರ ಔಷಧ ಬೆಲೆ ನಿಯಂತ್ರಣ ಆದೇಶ ಅಂತ ಇದೆ, ನಾವು ಡಿಪಿಸಿಒ ಅನ್ನುತ್ತೇವೆ. ಅಗತ್ಯ ಔಷಧಗಳ ಪಟ್ಟಿಯಲ್ಲಿ ಇರುವ ಔಷಧಕ್ಕೆ ಎನ್‌ಪಿಪಿಎ, ಅಂದರೆ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ, ಗರಿಷ್ಠ ಬೆಲೆ ಗೊತ್ತು ಮಾಡುತ್ತದೆ. ಮಾರುಕಟ್ಟೆಯಲ್ಲಿ ಶೇ 1 ಅಥವಾ ಅದಕ್ಕಿಂತ ಜಾಸ್ತಿ ಪಾಲು ಇರುವ ಬ್ರಾಂಡ್‌ಗಳು ಅಂಗಡಿಗೆ ಕೊಡುವ ದರ ಇದೆಯಲ್ಲ, ಅದರ ಸರಾಸರಿ ತೆಗೆದು ಮೇಲೆ ಅಂಗಡಿಯವನ ಪಾಲು ಶೇ 16 ಸೇರಿಸುತ್ತಾರೆ. ತಯಾರಿಸಲು ಎಷ್ಟು ಖರ್ಚಾಯಿತು ಅಂತ ಇದರಲ್ಲಿ ಯಾರೂ ಕೇಳುವುದಿಲ್ಲ. 1995ರ ಹಳೇ ಆದೇಶದಲ್ಲಿ ಆ ಲೆಕ್ಕ ಇತ್ತು, 2013ರಲ್ಲಿ ಅದನ್ನು ಕೈಬಿಟ್ಟರು.

ಪಟ್ಟಿಯಲ್ಲಿ ಇಲ್ಲದ ಔಷಧಕ್ಕೆ ಸಾಮಾನ್ಯವಾಗಿ ಇರುವುದು ಒಂದೇ ನಿಯಮ, ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸುವಂತಿಲ್ಲ. ಆದರೆ ಮೊದಲ ದಿನ ಎಷ್ಟಕ್ಕೆ ಬಿಡುಗಡೆ ಮಾಡಬೇಕು ಅನ್ನುವುದು ಕಂಪನಿಯ ಇಷ್ಟ. ಮೊದಲೇ ಹತ್ತು ಪಟ್ಟು ಅಚ್ಚು ಹಾಕಿಬಿಟ್ಟರೆ ಆ ಶೇ 10ರ ನಿಯಮದಿಂದ ಯಾರಿಗೆ ಏನು ಉಪಯೋಗ ಹೇಳಿ? 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಉಪಕರಣಗಳನ್ನೂ ಔಷಧ ಅಂತಲೇ ಪರಿಗಣಿಸುತ್ತಾರೆ, ಹಾಗಾಗಿ ಅವುಗಳಿಗೂ ಇದೇ ಶೇ 10ರ ನಿಯಮ ಬಂತು, ನಿಮ್ಮ ಐವಿ ಸೆಟ್ಟು ಕ್ಯಾನುಲಾ ತರಹದ ಕೆಲವು ಅದಕ್ಕೂ ಮೊದಲೇ ಔಷಧದ ಲೆಕ್ಕದಲ್ಲಿದ್ದವು. ಅಷ್ಟೊತ್ತಿಗೆ ಎಂಆರ್‌ಪಿ ಎಲ್ಲಿ ಹೋಗಬೇಕೋ ಅಲ್ಲಿಗೆ ಹೋಗಿ ಕೂತಿತ್ತು.

ಇನ್ನು "ಯಾಕೆ" ಅನ್ನುವುದಕ್ಕೆ ಬರೋಣ. ಸಂತೆಯಲ್ಲಿ ಟೊಮೆಟೊ ಮಾರುವವನು ಪಕ್ಕದವನಿಗಿಂತ ಕಡಿಮೆ ಹೇಳಿದರೆ ಜನ ಅವನ ಹತ್ತಿರ ಬರುತ್ತಾರೆ. ಆಸ್ಪತ್ರೆಯ ಸಾಮಾನಿನಲ್ಲಿ ಇದು ತಿರುಗಾಮುರುಗಾ. ಲೆಕ್ಕಕ್ಕೆ ಅಂತ ಹೇಳುತ್ತೇನೆ, ಎರಡು ಕಂಪನಿ ಒಂದೇ ಗುಣಮಟ್ಟದ ಸೆಟ್ಟನ್ನು 12 ರೂಪಾಯಿಗೆ ಕೊಡುತ್ತವೆ ಅಂದುಕೊಳ್ಳಿ. ಒಬ್ಬ 60 ಅಂತ ಅಚ್ಚು ಹಾಕಿದ್ದಾನೆ, ಇನ್ನೊಬ್ಬ 150 ಅಂತ. ಆಸ್ಪತ್ರೆ ಯಾರದನ್ನು ತಗೊಳ್ಳುತ್ತದೆ? ಎರಡನೆಯವನದನ್ನೇ. ಕೊಂಡುಕೊಳ್ಳುವವನು ಒಬ್ಬ, ದುಡ್ಡು ಕೊಡುವವನು ಇನ್ನೊಬ್ಬ ಆದಾಗ ಹೀಗೇ ಆಗುವುದು. 60 ಹಾಕಿದವನು ಪ್ರಾಮಾಣಿಕನಾಗಿ ಉಳಿಯಬೇಕು ಅಂತ ಹೊರಟರೆ ಅವನಿಗೆ ಆರ್ಡರೇ ಬರುವುದಿಲ್ಲ. ನನಗೆ ಇದರಲ್ಲಿ ತುಂಬಾ ಬೇಜಾರಾಗುವ ವಿಷಯ ಇದೇ, ಕಡಿಮೆ ಬೆಲೆಗೆ ಕೊಡುವವನು ಅದೇ ಕಾರಣಕ್ಕೆ ವ್ಯಾಪಾರ ಕಳೆದುಕೊಳ್ಳುತ್ತಾನೆ.

ನಮ್ಮ ಅಂಗಡಿಗಳಲ್ಲೂ ಇದರ ಒಂದು ರೂಪ ಇದೆ, ಅದನ್ನು ಮುಚ್ಚಿಟ್ಟು ಆಸ್ಪತ್ರೆಯನ್ನು ಮಾತ್ರ ಬೈಯುವುದು ಸರಿಯಲ್ಲ. ಡಾಕ್ಟರು ಬರೆದುಕೊಡುವ ಹೆಸರಾಂತ ಬ್ರಾಂಡ್‌ಗಳಲ್ಲಿ ಅಂಗಡಿಗೆ ಸುಮಾರು ಶೇ 20 ಸಿಗುತ್ತದೆ, ನಮಗೆ ಮಾಲು ಕೊಡುವ ಸ್ಟಾಕಿಸ್ಟ್‌ಗೆ ಶೇ 10. ಅದೇ ಕಂಪನಿಗಳು, ಕೆಲವೊಮ್ಮೆ ಅದೇ ಫ್ಯಾಕ್ಟರಿಯಿಂದ, ನೇರ ವ್ಯಾಪಾರಕ್ಕೆ ಅಂತ ಬೇರೆ ಹೆಸರಿನ ಮಾಲು ಬಿಡುತ್ತವೆ, ನಾವು ಅದನ್ನು ಜೆನೆರಿಕ್ ಐಟಂ ಅನ್ನುತ್ತೇವೆ. ಸ್ಟ್ರಿಪ್ ಮೇಲೆ ನೂರು ರೂಪಾಯಿ ಅಂತ ಇದ್ದರೆ ಅಂಗಡಿಗೆ ಬೀಳುವುದು ಅದರ ಕಾಲು ಭಾಗಕ್ಕಿಂತಲೂ ಕಡಿಮೆ ಇರಬಹುದು. ಅದನ್ನು ನೂರಕ್ಕೇ ಮಾರಿದರೂ ಕಾನೂನು ಪ್ರಕಾರ ತಪ್ಪಲ್ಲ. ದೊಡ್ಡ ಡಿಸ್ಕೌಂಟ್ ಬೋರ್ಡು ಹಾಕಿ ಕೊಟ್ಟರೂ ಲಾಭಕ್ಕೆ ಕೊರತೆ ಇಲ್ಲ. ಗಿರಾಕಿ ಡಿಸ್ಕೌಂಟ್ ಸಿಕ್ಕಿತು ಅಂತ ಖುಷಿಯಾಗಿ ಹೋಗುತ್ತಾನೆ. ಅದೇ ಸಾಲ್ಟು, ಅಂದರೆ ಮಾತ್ರೆಯೊಳಗಿನ ಮೂಲ ಮದ್ದು, ಜನೌಷಧಿ ಕೇಂದ್ರದಲ್ಲಿ ಎಷ್ಟಿದೆ ಅಂತ ಒಮ್ಮೆ ಹೋಲಿಸಿ ನೋಡಿ, ಆಗ ಗೊತ್ತಾಗುತ್ತದೆ.

ಸ್ಟೋರ್_ರಿಜಿಸ್ಟರ್

ಮೇಲೆ ಬರೆದಿರುವುದು ಅಕ್ಷರಶಃ ನಿಜ. ನಾನು ಹಿಂದೆ ಒಂದು ಆಸ್ಪತ್ರೆಯ ಪರ್ಚೇಸ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ, ಯಾವುದು ಅಂತ ಹೇಳುವುದಿಲ್ಲ, ಅದು ಮುಖ್ಯವೂ ಅಲ್ಲ, ಯಾಕೆಂದರೆ ಬೇರೆ ಕಡೆ ಕೆಲಸ ಮಾಡಿದ ಗೆಳೆಯರೂ ಇದನ್ನೇ ಹೇಳುತ್ತಾರೆ. ವೆಂಡರ್ ಬಂದು ಕೂತರೆ "ರೇಟ್ ಎಷ್ಟು" ಅನ್ನುವ ಪ್ರಶ್ನೆ ಜೊತೆಗೇ ಬರುವ ಇನ್ನೊಂದು ಪ್ರಶ್ನೆ "ಎಂಆರ್‌ಪಿ ಎಷ್ಟು ಮಾಡಿಕೊಡ್ತೀರಿ". ಇದನ್ನು ಯಾರೂ ಪಿಸುಮಾತಿನಲ್ಲಿ ಕೇಳುವುದಿಲ್ಲ. ಎಕ್ಸೆಲ್ ಶೀಟ್‌ನಲ್ಲಿ ಒಂದು ಕಾಲಮ್ಮೇ ಇರುತ್ತದೆ, ಎಂಆರ್‌ಪಿ ಮತ್ತು ಖರೀದಿ ದರದ ವ್ಯತ್ಯಾಸ. ಆ ಕಾಲಮ್ ನೋಡಿಯೇ ಯಾವ ಬ್ರಾಂಡ್ ಅಂತ ತೀರ್ಮಾನ ಆಗುವುದು.

ಇದು ಗಾಳಿಮಾತು ಅನ್ನುವವರು ಎನ್‌ಪಿಪಿಎ 2018ರ ಫೆಬ್ರವರಿಯಲ್ಲಿ ಕೊಟ್ಟ ವರದಿಯನ್ನು ಓದಬೇಕು. ಅದಕ್ಕೆ ಮೊದಲು, 2017ರಲ್ಲಿ, ಗುರುಗ್ರಾಮದಲ್ಲಿ ಡೆಂಗಿಯಿಂದ ಏಳು ವರ್ಷದ ಒಂದು ಹುಡುಗಿ ತೀರಿಕೊಂಡಳು, ಮನೆಯವರ ಕೈಗೆ ಸುಮಾರು 16 ಲಕ್ಷದ ಬಿಲ್ ಬಂತು. ದೇಶವೆಲ್ಲ ಗಲಾಟೆ ಆಯಿತು. ಆಮೇಲೆ ಎನ್‌ಪಿಪಿಎ ದೆಹಲಿ ಸುತ್ತಮುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್‌ಗಳನ್ನು ತರಿಸಿಕೊಂಡು ನೋಡಿತು. ಡ್ರಿಪ್ ಪೈಪಿಗೆ ಸೇರಿಸುವ ತ್ರೀ-ವೇ ಸ್ಟಾಪ್‌ಕಾಕ್ ಅಂತ ಒಂದು ಪುಟ್ಟ ಪ್ಲಾಸ್ಟಿಕ್ ಕೊಳಾಯಿ ಬರುತ್ತದೆ. ಅದನ್ನು 5.77 ರೂಪಾಯಿಗೆ ಕೊಂಡು ರೋಗಿಗೆ 106 ರೂಪಾಯಿ ಹಾಕಿದ್ದರು. ಲೆಕ್ಕ ಹಾಕಿದರೆ ಶೇ 1,737 ಲಾಭ.

ಅದೇ ವರದಿಯಲ್ಲಿ ನನಗೆ ಇನ್ನೂ ದೊಡ್ಡದು ಅನಿಸಿದ್ದು ಬೇರೆ ಒಂದು ಅಂಕಿ. ಆ ಬಿಲ್‌ಗಳಲ್ಲಿ ಬೆಲೆ ಮಿತಿ ಇರುವ ಔಷಧಗಳ ಪಾಲು ಸುಮಾರು ಶೇ 4, ಮಿತಿ ಇಲ್ಲದ ಔಷಧಗಳ ಪಾಲು ಸುಮಾರು ಶೇ 25. ಅಂದರೆ ಬೆಲೆ ಮಿತಿ ಇರುವ ಔಷಧ ಸಿಗುವಾಗಲೂ ಮಿತಿ ಇಲ್ಲದ್ದನ್ನು ಬಳಸುವ ಕಡೆಗೇ ವ್ಯವಸ್ಥೆ ವಾಲಿಕೊಂಡಿದೆ. ಪಟ್ಟಿಯಲ್ಲಿರುವ ಆಂಟಿಬಯಾಟಿಕ್‌ಗೆ ಇನ್ನೊಂದು ಏನೋ ಸೇರಿಸಿ ಜೋಡಿ ಮದ್ದು ಮಾಡಿದರೆ ಅದು ಪಟ್ಟಿಯಿಂದ ಆಚೆ ಬಂದುಬಿಡುತ್ತದೆ. ಕೆಲವು ಜೋಡಿಗಳಿಗೆ ವೈದ್ಯಕೀಯ ಕಾರಣ ಇದ್ದೇ ಇರುತ್ತದೆ, ಇಲ್ಲ ಅನ್ನುತ್ತಿಲ್ಲ. ಆದರೆ ಎಲ್ಲದಕ್ಕೂ ಇರುವುದಿಲ್ಲ.

ಒಂದೇ ವಸ್ತುವಿಗೆ ಎರಡು ಎಂಆರ್‌ಪಿ ಹಾಕಬಾರದು ಅಂತ 2018ರ ಜನವರಿಯಿಂದ ನಿಯಮ ಇದೆ, ಮಾಲ್‌ನಲ್ಲಿ ಏರ್‌ಪೋರ್ಟ್‌ನಲ್ಲಿ ನೀರಿನ ಬಾಟಲಿಗೆ ಬೇರೆ ಬೆಲೆ ಹಾಕುತ್ತಿದ್ದರಲ್ಲ, ಅದಕ್ಕಾಗಿ ತಂದಿದ್ದು. ಆಸ್ಪತ್ರೆಗೆ ಅದು ತಟ್ಟುವುದಿಲ್ಲ, ಯಾಕೆಂದರೆ ಆಸ್ಪತ್ರೆಗೆ ಹೋಗುವ ಮಾಲಿಗೆ ಬ್ರಾಂಡ್ ಹೆಸರೇ ಬೇರೆ ಇಟ್ಟಿರುತ್ತಾರೆ. ನೀವು ಹೊರಗಡೆ ಆ ಹೆಸರು ಹೇಳಿ ಹುಡುಕಿದರೆ ಸಿಗುವುದೇ ಇಲ್ಲ. "ಬೇಕಾದರೆ ಹೊರಗೆ ತಗೊಂಡು ಬನ್ನಿ" ಅಂತ ಬೋರ್ಡು ಹಾಕಿರುವ ಆಸ್ಪತ್ರೆಯಲ್ಲೂ ರೋಗಿಗೆ ಆಗುವುದು ಇಷ್ಟೇ, ಚೀಟಿ ಹಿಡಿದುಕೊಂಡು ನಾಲ್ಕು ಅಂಗಡಿ ಸುತ್ತಿ ವಾಪಸ್ ಅಲ್ಲಿಗೇ ಬರಬೇಕು.

ನನ್ನ ಮೇಲೆ ಇದ್ದ ಮ್ಯಾನೇಜರ್ ಕೆಟ್ಟವರಾಗಿರಲಿಲ್ಲ. ಅವರಿಗೂ ಟಾರ್ಗೆಟ್ ಇತ್ತು. ಷೇರು ಮಾರುಕಟ್ಟೆಯಲ್ಲಿ ಇರುವ ಆಸ್ಪತ್ರೆ ಕಂಪನಿಗಳು ಒಂದು ಹಾಸಿಗೆಯಿಂದ ದಿನಕ್ಕೆ ಸರಾಸರಿ ಎಷ್ಟು ಆದಾಯ ಬಂತು ಅನ್ನುವ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಹೂಡಿಕೆದಾರರ ಮುಂದೆ ಇಡುತ್ತವೆ. ಅದು ಏರಿದರೆ ಷೇರಿಗೆ ಒಳ್ಳೆಯದು. ದೊಡ್ಡ ದೊಡ್ಡ ಹೂಡಿಕೆ ಸಂಸ್ಥೆಗಳು ಈ ಕ್ಷೇತ್ರಕ್ಕೆ ಬಂದಿವೆ, ಸಿಂಗಪುರದ ಟೆಮಾಸೆಕ್ 2023ರಲ್ಲಿ ಮಣಿಪಾಲ್ ಹಾಸ್ಪಿಟಲ್ಸ್‌ನ ಬಹುಪಾಲು ಷೇರು ಕೊಂಡಿದ್ದು ಎಲ್ಲರಿಗೂ ಗೊತ್ತಿರುವ ಸುದ್ದಿ. ಹೂಡಿಕೆ ಬರುವುದರಲ್ಲಿ ತಪ್ಪೇನಿಲ್ಲ, ಅದರಿಂದ ಹಾಸಿಗೆಗಳೂ ಮಷೀನುಗಳೂ ಬರುತ್ತವೆ. ಆದರೆ ಒಂದು ಹಾಸಿಗೆಯ ಆದಾಯ ಪ್ರತಿ ವರ್ಷ ಏರಲೇಬೇಕು ಅನ್ನುವ ಒತ್ತಡ ಮೇಲಿನಿಂದ ಶುರುವಾದರೆ, ಅದು ಕೊನೆಗೆ ಬಂದು ಬೀಳುವುದು ರೋಗಿ ಪ್ರಶ್ನೆ ಕೇಳಲು ಆಗದ ಜಾಗದಲ್ಲಿ. ಐವಿ ಸೆಟ್ಟು ಅಂಥ ಜಾಗ.

ಊರ_ವೈದ್ಯ

ಶಿವಮೊಗ್ಗ ಕಡೆ ಒಂದು ಸಣ್ಣ ನರ್ಸಿಂಗ್ ಹೋಮ್ ನಡೆಸುತ್ತೇನೆ. ಇಲ್ಲಿಯ ಮಾತುಗಳನ್ನು ಓದಿ ಕೋಪ ಬರಲಿಲ್ಲ, ಆದರೆ ಅರ್ಧ ಕಥೆ ಬಿಟ್ಟುಹೋಗಿದೆ ಅನಿಸಿತು.

ರಾತ್ರಿ ಹಗಲು ನರ್ಸ್ ಇರಬೇಕು, ಆಕ್ಸಿಜನ್ ಇರಬೇಕು, ಜನರೇಟರ್ ಇರಬೇಕು, ಕಸ ವಿಲೇವಾರಿಗೆ ದುಡ್ಡು ಕಟ್ಟಬೇಕು, ಲೈಸೆನ್ಸ್‌ಗಳ ಸಾಲೇ ಇದೆ. ಇದನ್ನೆಲ್ಲ ಸೇರಿಸಿ ನರ್ಸಿಂಗ್ ಚಾರ್ಜ್ ದಿನಕ್ಕೆ ಇಷ್ಟು ಅಂತ ಬಿಲ್‌ನಲ್ಲಿ ಬರೆದರೆ ಜನ ಒಪ್ಪುವುದಿಲ್ಲ. "ಬಂದು ಬಿಪಿ ನೋಡಿಕೊಂಡು ಹೋಗಿದ್ದಕ್ಕೆ ಇಷ್ಟಾ?" ಅನ್ನುತ್ತಾರೆ. ಅದೇ ಇಂಜೆಕ್ಷನ್‌ಗೆ ಎರಡು ಸಾವಿರ ಅಂದರೆ ಮಾತಾಡದೆ ಕೊಡುತ್ತಾರೆ, ಯಾಕೆಂದರೆ ಅಚ್ಚಾದ ಬೆಲೆ ಕಣ್ಣಿಗೆ ಕಾಣುತ್ತದೆ. ಮನುಷ್ಯರ ಕೆಲಸಕ್ಕೆ ಬೆಲೆ ಕೊಡಲು ಹಿಂಜರಿಯುವ, ಡಬ್ಬಿಗೆ ಕೊಡಲು ಹಿಂಜರಿಯದ ಈ ಅಭ್ಯಾಸ ನಮ್ಮೆಲ್ಲರದ್ದು. ಅದರ ಮೇಲೆ ಸರ್ಕಾರಿ ಯೋಜನೆಯ ರೋಗಿಗಳ ಪ್ಯಾಕೇಜ್ ದರ ಕಡಿಮೆ, ದುಡ್ಡು ಬರುವುದೂ ತಡ. ಫಾರ್ಮಸಿಯಲ್ಲಿ ಸ್ವಲ್ಪ ಉಳಿಯುವುದರಿಂದಲೇ ನಮ್ಮಂಥವರ ಬಾಗಿಲು ತೆರೆದಿದೆ.

ಹಾಗಂತ ಐದು ರೂಪಾಯಿ ಕೊಳಾಯಿಗೆ ನೂರು ಹಾಕುವುದನ್ನು ನಾನು ಸಮರ್ಥಿಸುತ್ತಿಲ್ಲ. ಅದು ಅನ್ಯಾಯ. ಸಣ್ಣ ಆಸ್ಪತ್ರೆಗೆ ಅಂಥ ಮಾರ್ಜಿನ್ ಸಿಗುವುದೂ ಇಲ್ಲ, ಅಷ್ಟು ದೊಡ್ಡ ಆರ್ಡರ್ ಕೊಡುವ ಶಕ್ತಿ ನಮಗೆಲ್ಲಿದೆ? ನಾನು ಹೇಳುವುದು ಇಷ್ಟು, ಔಷಧದ ಲಾಭಕ್ಕೆ ಮಿತಿ ಹಾಕಿದರೆ ರೂಮ್ ಬಾಡಿಗೆ, ನರ್ಸಿಂಗ್ ಚಾರ್ಜ್ ಏರುತ್ತವೆ. ಏರಲೇಬೇಕು. ಅವತ್ತು ಬಂದು ಮತ್ತೆ ನಮ್ಮನ್ನೇ ಬೈಯಬೇಡಿ.

ಹೇಮಾವತಿ_ದಂಡೆ

ಡಾಕ್ಟರೇ, ಖಂಡಿತ ಬೈಯುವುದಿಲ್ಲ. ಅದನ್ನೇ ನಾನು ಕೇಳುತ್ತಿರುವುದು. ಏರಿಸಿ, ಆದರೆ ಕಾಣುವ ಜಾಗದಲ್ಲಿ ಏರಿಸಿ. ರೂಮ್ ಬಾಡಿಗೆ ಎಷ್ಟು ಅಂತ ಫೋನ್ ಮಾಡಿ ಕೇಳಬಹುದು, ಎರಡು ಆಸ್ಪತ್ರೆ ಹೋಲಿಸಬಹುದು, ಆಗುವುದಿಲ್ಲ ಅಂದರೆ ಜನರಲ್ ವಾರ್ಡ್ ಕೇಳಬಹುದು. ಸ್ಟಾಪ್‌ಕಾಕ್ ಎಷ್ಟು ಅಂತ ಯಾರು ಕೇಳಿಕೊಂಡು ಸೇರುತ್ತಾರೆ? ನರ್ಸ್‌ಗೆ ಕೊಡಬೇಕಾದ ದುಡ್ಡನ್ನು ನರ್ಸ್ ಹೆಸರಿನಲ್ಲೇ ಬರೆದರೆ ನಾನು ಕೊಡುತ್ತೇನೆ. ಗ್ಲೌಸ್ ಹೆಸರಿನಲ್ಲಿ ಬರೆದರೆ ಅದು ನಿಜವಾಗಲೂ ನರ್ಸ್‌ಗೆ ಹೋಗುತ್ತದೆ ಅನ್ನುವುದಕ್ಕೆ ಏನು ಗ್ಯಾರಂಟಿ? ದೊಡ್ಡ ಆಸ್ಪತ್ರೆಗಳ ನರ್ಸ್‌ಗಳಿಗೆ ಎಷ್ಟು ಸಂಬಳ ಕೊಡುತ್ತಾರೆ ಅಂತ ನಮ್ಮ ಕುಟುಂಬದಲ್ಲೇ ಒಬ್ಬರು ಇರುವುದರಿಂದ ನನಗೆ ಚೆನ್ನಾಗಿ ಗೊತ್ತು.

ಇನ್ನೊಂದು ವಿಷಯ ಮೊದಲು ಬರೆಯಲಿಲ್ಲ. ಇನ್ಶೂರೆನ್ಸ್ ಇತ್ತು, ಆದರೆ ಗ್ಲೌಸು ಮಾಸ್ಕು ತರಹದ್ದನ್ನೆಲ್ಲ ಅವರು ಕೊಡುವುದಿಲ್ಲ ಅಂತ ಕಳೆದುಬಿಟ್ಟರು. ಅಂದರೆ ಲಾಭ ಜಾಸ್ತಿ ಇರುವ ಸಾಮಾನೇ ಪೂರ್ತಿ ನಮ್ಮ ಜೇಬಿಗೆ ಬಂತು.

ಕಾಯ್ದೆ_ಕಡತ

ಇನ್ಶೂರೆನ್ಸ್ ವಿಷಯ: ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಪಟ್ಟಿಯಲ್ಲಿ ಹಾಗೆ ಪಾವತಿ ಮಾಡದೆ ಬಿಡಬಹುದಾದ 68 ಐಟಂ ಇವೆ. ಬೇಕಾದರೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಕನ್ಸ್ಯೂಮಬಲ್ಸ್ ಕವರ್ ತಗೊಳ್ಳಬಹುದು ಅನ್ನುತ್ತಾರೆ. ಅಂದರೆ ಹತ್ತು ರೂಪಾಯಿ ವಸ್ತುವಿಗೆ ನೂರು ರೂಪಾಯಿ ಕೊಡುವುದಕ್ಕೆ ನಾವೇ ಮುಂಗಡವಾಗಿ ದುಡ್ಡು ಕಟ್ಟಬೇಕು.

ಇನ್ನು ಕಾನೂನಿನ ಬಗ್ಗೆ. ಇದನ್ನೆಲ್ಲ ಓದಿ "ಸರ್ಕಾರದ ಕೈಯಲ್ಲಿ ಏನೂ ಇಲ್ಲ" ಅಂದುಕೊಂಡರೆ ಅದು ಸುಳ್ಳು. ಡಿಪಿಸಿಒದಲ್ಲೇ 19ನೇ ಪ್ಯಾರಾ ಇದೆ. ಸಾರ್ವಜನಿಕ ಹಿತಕ್ಕೆ ಬೇಕು ಅನಿಸಿದರೆ ಪಟ್ಟಿಯಲ್ಲಿ ಇಲ್ಲದ ಔಷಧಕ್ಕೂ ಬೆಲೆ ಕಟ್ಟಬಹುದು. ಅದನ್ನು ಬಳಸಿಯೂ ಇದ್ದಾರೆ. 2019ರ ಫೆಬ್ರವರಿಯಲ್ಲಿ 42 ಕ್ಯಾನ್ಸರ್ ಔಷಧಗಳಿಗೆ ವ್ಯಾಪಾರದ ಲಾಭ ಶೇ 30 ಮೀರಬಾರದು ಅಂತ ಮಾಡಿದರು. ಕೆಲವು ಬ್ರಾಂಡ್‌ಗಳ ಎಂಆರ್‌ಪಿ ಶೇ 80ಕ್ಕಿಂತ ಜಾಸ್ತಿ ಇಳಿಯಿತು. ಒಂದು ಆದೇಶದಿಂದ ಇಷ್ಟು ಇಳಿಯುವ ಬೆಲೆ ಮೊದಲು ಯಾವ ಲೆಕ್ಕದಲ್ಲಿ ನಿಂತಿತ್ತು ಅಂತ ಯೋಚನೆ ಮಾಡಿ. ಕೋವಿಡ್ ಸಮಯದಲ್ಲಿ, 2021ರ ಜೂನ್‌ನಲ್ಲಿ, ಆಕ್ಸಿಜನ್ ಕಾನ್ಸೆಂಟ್ರೇಟರ್‌ಗೂ ಹೀಗೆ ಶೇ 70ರ ಮಿತಿ ಹಾಕಿದರು.

ಹೃದಯದ ರಕ್ತನಾಳ ತೆರೆದಿಡಲು ಹಾಕುವ ಸ್ಟೆಂಟ್ ಕಥೆ ಇದಕ್ಕೂ ಹಳೇದು. ದೆಹಲಿಯ ಒಬ್ಬ ವಕೀಲರು ಹೈಕೋರ್ಟ್‌ಗೆ ಹೋಗಿದ್ದರಿಂದ ಶುರುವಾಯಿತು, 2017ರ ಫೆಬ್ರವರಿಯಲ್ಲಿ ಎನ್‌ಪಿಪಿಎ ಬೆಲೆ ಮಿತಿ ತಂದಿತು. ಔಷಧ ಲೇಪನ ಇರುವ ಸ್ಟೆಂಟ್‌ಗೆ 29,600, ಲೇಪನ ಇಲ್ಲದ್ದಕ್ಕೆ 7,260, ತೆರಿಗೆ ಬೇರೆ. ಅದಕ್ಕೆ ಮೊದಲು ಲೇಪನದ ಸ್ಟೆಂಟ್ ಲಕ್ಷ ದಾಟುತ್ತಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಮೊಣಕಾಲಿನ ಇಂಪ್ಲಾಂಟ್‌ಗೂ ಮಿತಿ ಬಂತು. ಎರಡು ಸಲವೂ "ಹೀಗೆ ಮಾಡಿದರೆ ಒಳ್ಳೆ ಮಾಲು ಭಾರತಕ್ಕೆ ಬರುವುದೇ ಇಲ್ಲ" ಅಂತ ದೊಡ್ಡ ಕೂಗು ಎದ್ದಿತ್ತು. ಇವತ್ತಿಗೂ ಸ್ಟೆಂಟ್ ಹಾಕುತ್ತಲೇ ಇದ್ದಾರೆ, ಮೊಣಕಾಲು ಬದಲಾಯಿಸುತ್ತಲೇ ಇದ್ದಾರೆ. ಹಾಗಂತ ಎಲ್ಲ ಸರಿಹೋಯಿತು ಅಂತಲೂ ಅಲ್ಲ. ಸ್ಟೆಂಟ್‌ಗೆ ಮಿತಿ ಹಾಕಿದರೆ ಬಲೂನು, ಕ್ಯಾತಿಟರ್, ಪ್ರೊಸೀಜರ್ ಚಾರ್ಜ್ ಕಡೆ ದುಡ್ಡು ಹರಿಯುತ್ತದೆ. ಅದಕ್ಕೇ ಒಂದೊಂದೇ ವಸ್ತುವನ್ನು ಹಿಡಿಯುವುದು ಬಿಟ್ಟು, ಕಂಪನಿ ಮೊದಲು ಮಾರುವ ಬೆಲೆಗೂ ರೋಗಿ ಕೊಡುವ ಬೆಲೆಗೂ ನಡುವೆ ಎಷ್ಟು ಅಂತರ ಇರಬಹುದು ಅಂತ ಎಲ್ಲ ಔಷಧ, ಉಪಕರಣಕ್ಕೂ ಒಂದೇ ನಿಯಮ ತರಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ. ಕ್ಯಾನ್ಸರ್ ಔಷಧಕ್ಕೆ ಆಗಿದ್ದು ಐವಿ ಸೆಟ್ಟಿಗೆ ಯಾಕೆ ಆಗಬಾರದು?

ನಮ್ಮ ರಾಜ್ಯದ ಮಟ್ಟಿಗೆ ಒಂದು ಅವಕಾಶ 2017ರಲ್ಲೇ ಬಂದು ಹೋಯಿತು. ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿದ್ದಾಗ ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ಕೆಪಿಎಂಇ ಕಾಯ್ದೆಗೆ ತಿದ್ದುಪಡಿ ತಂದರು. ಖಾಸಗಿ ಆಸ್ಪತ್ರೆಗಳ ದರಕ್ಕೆ ಮಿತಿ ಹಾಕುವ ಮಾತು ಮೊದಲ ಕರಡಿನಲ್ಲಿ ಇತ್ತು, ವೈದ್ಯರಿಗೆ ಜೈಲು ಶಿಕ್ಷೆ ಅಂಶವೂ ಇತ್ತು. ನವೆಂಬರ್‌ನಲ್ಲಿ ರಾಜ್ಯದ ಉದ್ದಕ್ಕೂ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ರೋಗಿಗಳು ಪರದಾಡಿದರು, ಬೆಳಗಾವಿ ಅಧಿವೇಶನದಲ್ಲಿ ಪಾಸಾದಾಗ ಮಸೂದೆ ತುಂಬಾ ಮೆತ್ತಗಾಗಿತ್ತು. ಜೈಲು ಅಂಶದ ಬಗ್ಗೆ ವೈದ್ಯರ ಭಯ ನನಗೆ ಅರ್ಥವಾಗುತ್ತದೆ. ಆದರೆ ದರದ ಮಿತಿ ಕೊನೆಗೆ ಉಳಿದಿದ್ದು ಸರ್ಕಾರಿ ಯೋಜನೆಗಳ ರೋಗಿಗಳಿಗೆ ಮಾತ್ರ. ಉಳಿದವರಿಗೆ ಸಿಕ್ಕಿದ್ದು ದರಪಟ್ಟಿ ಪ್ರದರ್ಶಿಸಬೇಕು ಅನ್ನುವ ನಿಯಮ, ರೋಗಿಗಳ ಹಕ್ಕುಪಟ್ಟಿ, ಮತ್ತು ಬಾಕಿ ಇದೆ ಅಂತ ಶವ ಹಿಡಿದಿಟ್ಟುಕೊಳ್ಳಬಾರದು ಅನ್ನುವ ನಿಯಮ. ಕೊನೆಯದನ್ನು ಕಾನೂನಿನಲ್ಲಿ ಬರೆಯಬೇಕಾಗಿ ಬಂತು ಅನ್ನುವುದೇ ನನಗೆ ಇವತ್ತಿಗೂ ಸಂಕಟ.

ಆಸ್ಪತ್ರೆಯ ಒಳಗಿನ ಫಾರ್ಮಸಿಯಲ್ಲೇ ಕೊಳ್ಳಬೇಕು ಅಂತ ಬಲವಂತ ಮಾಡುವ ವಿಷಯ ಸುಪ್ರೀಂ ಕೋರ್ಟ್‌ಗೂ ಹೋಗಿತ್ತು. 2025ರ ಮಾರ್ಚ್‌ನಲ್ಲಿ ತೀರ್ಪು ಬಂತು. ಕೋರ್ಟ್ ತಾನೇ ಕಡ್ಡಾಯ ನಿರ್ದೇಶನ ಕೊಡಲಿಲ್ಲ, ಇದು ನೀತಿಯ ವಿಷಯ, ರಾಜ್ಯ ಸರ್ಕಾರಗಳು ಯೋಚಿಸಿ ತೀರ್ಮಾನ ಮಾಡಲಿ ಅಂದಿತು. ಅಂದರೆ ಚೆಂಡು ಈಗ ವಿಧಾನಸೌಧದ ಅಂಗಳದಲ್ಲಿದೆ. ನಮ್ಮ ಶಾಸಕರನ್ನು ರಸ್ತೆ, ಚರಂಡಿ ಬಗ್ಗೆ ಕೇಳುವ ಹಾಗೆ ಇದರ ಬಗ್ಗೆಯೂ ಕೇಳಬೇಕು, ನಾವು ಕೇಳದಿದ್ದರೆ ಅವರು ಇದನ್ನು ಮುಟ್ಟುವುದಿಲ್ಲ.

ಔಷಧದಂಗಡಿ_ಕಡೂರು

ಒಂದೇ ನಿಯಮ ಬಂದರೆ ನಮ್ಮ ಅಂಗಡಿಗಳ ಲಾಭವೂ ಕಡಿಮೆ ಆಗುತ್ತದೆ. ಆದರೂ ಬರಲಿ ಅನ್ನುತ್ತೇನೆ. ಎಲ್ಲರಿಗೂ ಒಂದೇ ಸಲ ಬಂದರೆ ಯಾರಿಗೂ ನಷ್ಟ ಇಲ್ಲ. ನಾನೊಬ್ಬನೇ ಕಡಿಮೆ ಮಾಡಿದರೆ ಪಕ್ಕದ ಅಂಗಡಿಯ ಡಿಸ್ಕೌಂಟ್ ಬೋರ್ಡಿನ ಮುಂದೆ ನಿಲ್ಲಲು ಆಗುವುದಿಲ್ಲ.

ಮಂಗಳವಾರಪೇಟೆ

ನಿಯಮ ಬರುವ ತನಕ ಏನು ಮಾಡಬಹುದು ಅಂತ ಯಾರೂ ಬರೆದಿಲ್ಲ. ಅಮ್ಮನ ಡಯಾಲಿಸಿಸ್‌ನಿಂದಾಗಿ ಆಸ್ಪತ್ರೆ ಓಡಾಟ ನನಗೆ ಅಭ್ಯಾಸ ಆಗಿದೆ, ಗೊತ್ತಿರುವುದನ್ನು ಹೇಳುತ್ತೇನೆ.

ತುರ್ತು ಅಲ್ಲದ ಆಪರೇಷನ್ ಆದರೆ ಸೇರುವ ಮೊದಲೇ ಎಸ್ಟಿಮೇಟ್‌ನಲ್ಲಿ ಔಷಧ ಮತ್ತು ಕನ್ಸ್ಯೂಮಬಲ್ಸ್ ಎಷ್ಟು ಅಂತ ಬೇರೆಯಾಗಿ ಬರೆಸಿಕೊಳ್ಳಿ. ಬಾಯಿಮಾತು ಬೇಡ. ಪ್ಯಾಕೇಜ್ ಅಂದರೆ ಅದರೊಳಗೆ ಇವು ಸೇರಿವೆಯಾ ಅಂತ ಕೇಳಿ, ಎಷ್ಟೋ ಸಲ ಸೇರಿರುವುದಿಲ್ಲ. ಬಿಲ್ ದಿನಾ ಸಂಜೆ ಕೇಳಿ, ಕೊನೆಯ ದಿನ ಕಂತೆ ಕೈಗೆ ಬಂದ ಮೇಲೆ ಏನೂ ಮಾಡಲು ಆಗುವುದಿಲ್ಲ. ಬಳಸದ ಔಷಧ ವಾಪಸ್ ಹೋಗಿದೆಯಾ, ಅದರ ದುಡ್ಡು ಕಳೆದಿದ್ದಾರಾ ನೋಡಿ. ಡಾಕ್ಟರ್ ರೌಂಡ್ಸ್‌ಗೆ ಬಂದಾಗ "ಇದೇ ಸಾಲ್ಟ್‌ನ ಕಡಿಮೆ ಬೆಲೆಯ ಬ್ರಾಂಡ್ ನಡೆಯುತ್ತದಾ" ಅಂತ ನೇರವಾಗಿ ಕೇಳಿ. ನನ್ನ ಅನುಭವದಲ್ಲಿ ಬಹಳ ಡಾಕ್ಟರು ಒಪ್ಪಿಕೊಳ್ಳುತ್ತಾರೆ, ಫಾರ್ಮಸಿಯ ಬೆಲೆ ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ. ಔಷಧ ಎಲ್ಲಿ ಕೊಳ್ಳಬೇಕು ಅನ್ನುವ ಆಯ್ಕೆ ರೋಗಿಯದು ಅಂತ ಕೇಂದ್ರದ ರೋಗಿಗಳ ಹಕ್ಕುಪಟ್ಟಿಯಲ್ಲೇ ಇದೆ, ಆ ಮಾತನ್ನು ಧೈರ್ಯವಾಗಿ ಹೇಳಿ.

ಎನ್‌ಪಿಪಿಎದ "ಫಾರ್ಮಾ ಸಹಿ ದಾಮ್" ಆ್ಯಪ್‌ನಲ್ಲಿ ಔಷಧದ ಹೆಸರು ಹಾಕಿದರೆ ಬೆಲೆ ಮಿತಿ ಇದೆಯಾ, ಬೇರೆ ಬ್ರಾಂಡ್‌ಗಳು ಎಷ್ಟಕ್ಕಿವೆ ಅಂತ ತೋರಿಸುತ್ತದೆ. ಮಿತಿ ಮೀರಿ ಹಾಕಿದ್ದರೆ ಅದು ಅನ್ಯಾಯ ಮಾತ್ರ ಅಲ್ಲ, ಕಾನೂನು ಉಲ್ಲಂಘನೆ, ಅಲ್ಲೇ ದೂರು ಕೊಡಬಹುದು. ಆಸ್ಪತ್ರೆಯ ಮೇಲೆ ದೂರು ಇದ್ದರೆ ಕೆಪಿಎಂಇ ಅಡಿಯಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲೆಗೊಂದು ಪ್ರಾಧಿಕಾರ ಇದೆ, ಅಲ್ಲಿಗೆ ಬರೆಯಿರಿ.

ಹೃದಯದ ತೊಂದರೆ ಇದ್ದವರು ಜಯದೇವವನ್ನು ಮರೆಯಬೇಡಿ. ಡಾ. ಸಿ.ಎನ್. ಮಂಜುನಾಥ್ ನಿರ್ದೇಶಕರಾಗಿದ್ದ ಕಾಲದಲ್ಲಿ "ಮೊದಲು ಚಿಕಿತ್ಸೆ, ಆಮೇಲೆ ಹಣ" ಅನ್ನುವುದನ್ನು ಅಲ್ಲಿ ನಡೆಸಿ ತೋರಿಸಿದ್ದಾರೆ. ಸರ್ಕಾರಿ ಸ್ವಾಯತ್ತ ಸಂಸ್ಥೆಯಾಗಿ ಅದು ಅಷ್ಟು ದೊಡ್ಡದಾಗಿ ಬೆಳೆದಿದೆ, ಐವಿ ಸೆಟ್ಟಿನಲ್ಲಿ ಹತ್ತು ಪಟ್ಟು ತೆಗೆಯದಿದ್ದರೆ ಆಸ್ಪತ್ರೆ ನಡೆಯುವುದೇ ಇಲ್ಲ ಅನ್ನುವವರು ಅಲ್ಲಿ ಹೋಗಿ ನೋಡಲಿ. ಸರ್ಕಾರದ ಅನುದಾನ ಇದೆ ಅಂತ ಹೇಳಬಹುದು, ಹೌದು ಇದೆ, ತೆರಿಗೆ ದುಡ್ಡು ಹೋಗಬೇಕಾದ ಜಾಗ ಅದೇ ಅಲ್ವಾ.

ಹೇಮಾವತಿಯವರೇ, ನಿಮ್ಮ ಹತ್ತಿರ ವಿವರವಾದ ಬಿಲ್ ಇದೆ ಅಂದಿರಿ. ಅದರಲ್ಲಿ ಆಂಟಿಬಯಾಟಿಕ್‌ನ ಸಾಲ್ಟ್ ಹೆಸರು, ಬ್ಯಾಚ್ ನಂಬರ್ ಇರಬೇಕು. ರೋಗಿಯ ಹೆಸರು, ಆಸ್ಪತ್ರೆಯ ಹೆಸರು ಮುಚ್ಚಿ ಆ ಸಾಲುಗಳನ್ನು ಮಾತ್ರ ಇಲ್ಲಿ ಹಾಕಿ, ಬೆಲೆ ಮಿತಿ ಪಟ್ಟಿಯಲ್ಲಿ ಯಾವುದಾದರೂ ಇದೆಯಾ ಅಂತ ಒಟ್ಟಿಗೆ ಕೂತು ನೋಡೋಣ.